ಪೌಸಸ್ ಜೀರುಂಡೆಯ ಮೇಲೆ ಹಿಡಿದ ಜೇಬಿನ ಭೂತಗನ್ನಡಿ: ಎರಡು ಮಳೆಗಾಲದ ಬಳಕೆಯ ನಂತರ

ಕೀಟ ನೋಡುವವರಿಗೆಂದು, ಕಲ್ಲು ಪರೀಕ್ಷಿಸುವವರಿಗೆಂದು ಮಾರುವ ಜೇಬಿನ ಭೂತಗನ್ನಡಿಯೊಂದನ್ನು ಎರಡು ಮಳೆಗಾಲ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಮಸೂರ, ಉಕ್ಕಿನ ಚೌಕಟ್ಟು, ಮಡಚಿದಾಗ ಗಾಜನ್ನು ಪೂರ್ತಿ ಮರೆಮಾಡುವ ಕವಚ, ಹತ್ತು ಪಟ್ಟು ಹಿಗ್ಗುವಿಕೆ: ಇಷ್ಟೇ ಅದರ ವಿವರ. ಬೆಂಗಳೂರಿನ ಪೇಟೆಯಲ್ಲಿ ಪ್ರಯೋಗಾಲಯದ ಸಾಮಾನು ಮಾರುವ ಹಳೆಯ ಅಂಗಡಿಯೊಂದರಲ್ಲಿ 1,800 ರೂಪಾಯಿ ಕೊಟ್ಟು ಕೊಂಡೆ. ಇಂಥ ಉಪಕರಣವನ್ನು ಅಳೆಯಲು ಹಲವರು ನೋಟಿನ ಮೇಲಿನ ಸಣ್ಣ ಅಕ್ಷರವನ್ನೋ ಬಟ್ಟೆಯ ನೂಲನ್ನೋ ನೋಡುತ್ತಾರೆ. ನಾನು ಇಟ್ಟುಕೊಂಡ ಅಳತೆಗೋಲು ಬೇರೆ. ಜೀವಂತ ಕೀಟವೊಂದನ್ನು ಕೊಲ್ಲದೆ, ವರ್ಗೀಕರಣದ ಏಣಿಯಲ್ಲಿ ಎಷ್ಟು ಮೆಟ್ಟಿಲು ಇಳಿದು ಅದನ್ನು ಗುರುತಿಸಲು ಈ ಗಾಜು ನೆರವಾಗುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಆ ಪರೀಕ್ಷೆಗೆ ಒದಗಿದ್ದು ಪೌಸಸ್ ಎಂಬ ನೆಲಜೀರುಂಡೆ. ಇರುವೆಯ ಗೂಡಿನೊಳಗೆ ಬದುಕುವ ಕಾರಣ ಇದು ಮನುಷ್ಯರ ಕಣ್ಣಿಗೆ ಬೀಳುವುದು ಬಹಳ ಅಪರೂಪ. ಇದನ್ನು ಎಲ್ಲಿ ಸೇರಿಸಬೇಕೆಂದು ವಿಜ್ಞಾನಿಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಚರ್ಚಿಸಿದ್ದಾರೆ.

ಕೊಪ್ಪ ತಾಲ್ಲೂಕಿನ ನಮ್ಮ ಮನೆಯ ಜಗಲಿಯಲ್ಲಿ, ರೋಹಿಣಿ ಮಳೆಯ ಹೊತ್ತಿನ ಸೆಕೆಯ ಸಂಜೆಗಳಲ್ಲಿ ಬಿಳಿ ಪಂಚೆಯೊಂದನ್ನು ಕಟ್ಟಿ ಅದರ ಮುಂದೆ ದೀಪ ಹಚ್ಚುವುದು ನನ್ನ ರೂಢಿ. ಬರುವವುಗಳಲ್ಲಿ ಹೆಚ್ಚಿನವು ಸಗಣಿಹುಳು, ಮಳೆಹಾತೆ, ಪತಂಗ. ಅಂಥದೊಂದು ಸಂಜೆ ಸುಮಾರು ಏಳು ಮಿಲಿಮೀಟರ್ ಉದ್ದದ, ಕೆಂಗಂದು ಬಣ್ಣದ, ಹಿಂಬದಿ ಚೌಕವಾಗಿ ಕತ್ತರಿಸಿದಂತಿದ್ದ ಹುಳುವೊಂದು ಪಂಚೆಯ ಅಂಚಿನಲ್ಲಿ ನಿಧಾನವಾಗಿ ನಡೆಯುತ್ತಿತ್ತು. ತಲೆಯ ಮುಂದೆ ಎರಡು ತೊಗರಿಬೇಳೆಗಳನ್ನು ಹಿಡಿದುಕೊಂಡು ಹೊರಟಂತೆ ಕಂಡಿತು. ಬೆರಳಿನಿಂದ ಎತ್ತಲು ಹೋದಾಗ ಚಟ್ಟೆಂಬ ಸಣ್ಣ ಸದ್ದಾಯಿತು. ಬೆರಳ ತುದಿ ಒಂದು ಕ್ಷಣ ಬಿಸಿಯಾಯಿತು. ಟಿಂಕ್ಚರ್ ಅಯೋಡಿನ್ನಿನಂಥ ವಾಸನೆ ಬಂದು, ಚರ್ಮದ ಮೇಲೆ ಕಂದು ಕಲೆ ಉಳಿಯಿತು. ಆ ಕಲೆ ಸಾಬೂನಿಗೆ ಹೋಗಲಿಲ್ಲ. ಹುಳುವನ್ನು ಪಾರದರ್ಶಕ ಮುಚ್ಚಳದ ಡಬ್ಬಿಗೆ ಇಳಿಸಿ, ಅದರ ಚಲನೆ ನಿಧಾನವಾಗಲೆಂದು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಭೂತಗನ್ನಡಿಯನ್ನು ಕೈಗೆತ್ತಿಕೊಂಡೆ.

ಅದಕ್ಕೂ ಮುಂಚೆ ನನ್ನ ಬಳಿ ಇದ್ದುದು ಅಂತರಜಾಲದಲ್ಲಿ 300 ರೂಪಾಯಿಗೆ ತರಿಸಿದ್ದ, ಕವಚದ ಮೇಲೆ 30ಎಕ್ಸ್ ಎಂದು ಕೆತ್ತಿದ್ದ ಗಾಜು. ಈ ಕೆತ್ತನೆಯ ಬಗ್ಗೆ ಕೊಳ್ಳುವವರು ಎಚ್ಚರವಾಗಿರಬೇಕಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕಣ್ಣು ಸುಲಭವಾಗಿ ನೋಡಬಲ್ಲ ಹತ್ತಿರದ ದೂರವನ್ನು 250 ಮಿಲಿಮೀಟರ್ ಎಂದು ಹಿಡಿದು, ಅದನ್ನು ಮಸೂರದ ಸಂಗಮದೂರದಿಂದ ಭಾಗಿಸಿದರೆ ಹಿಗ್ಗುವಿಕೆ ಎಷ್ಟೆಂದು ತಿಳಿಯುತ್ತದೆ. ಹತ್ತು ಪಟ್ಟಿನ ಗಾಜಿಗೆ ಸಂಗಮದೂರ 25 ಮಿಲಿಮೀಟರ್. ಮೂವತ್ತು ಪಟ್ಟಿನದಕ್ಕೆ ಎಂಟು ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು. ಅಷ್ಟು ಕಡಿಮೆ ದೂರದ ಮಸೂರ ಚಿಕ್ಕದಾಗಿ, ಗುಂಡಗೆ ಉಬ್ಬಿಕೊಂಡಿರಬೇಕೇ ಹೊರತು 21 ಮಿಲಿಮೀಟರ್ ಅಗಲದ ಚಪ್ಪಟೆ ಗಾಜಾಗಿರಲು ಸಾಧ್ಯವಿಲ್ಲ. ಮನೆಯಲ್ಲೇ ಪರೀಕ್ಷಿಸುವ ಬಗೆ ಸುಲಭ. ದೂರದ ಕಿಟಕಿಯ ಬಿಂಬವನ್ನು ಮಸೂರದ ಮೂಲಕ ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಬೀಳಿಸಿ, ಗಾಜಿಗೂ ಕಾಗದಕ್ಕೂ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆದರಾಯಿತು. 30ಎಕ್ಸ್ ಎಂದಿದ್ದ ಗಾಜಿನಲ್ಲಿ ಆ ಅಂತರ 28 ಮಿಲಿಮೀಟರ್ ಬಂತು. ಅಂದರೆ ಹಿಗ್ಗುವಿಕೆ ಒಂಬತ್ತು ಪಟ್ಟೂ ಇಲ್ಲ. ಈಗ ವಿಮರ್ಶಿಸುತ್ತಿರುವ ಗಾಜಿನಲ್ಲಿ ಅದು 25ಕ್ಕೆ ಸರಿಯಾಗಿ ನಿಂತಿತು. ಹೇಳಿದಷ್ಟನ್ನೇ ಕೊಡುವ ಉಪಕರಣ ಎಂಬ ಗೌರವ ಅಲ್ಲಿಂದಲೇ ಶುರುವಾಯಿತು.

ಎರಡು ಗಾಜುಗಳ ನಡುವೆ ಹಿಗ್ಗುವಿಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೂ ನೋಟದಲ್ಲಿ ಇದೆ. ಒಂಟಿ ಗಾಜಿನಲ್ಲಿ ಹುಳುವಿನ ಅಂಚಿಗೆಲ್ಲ ನೀಲಿ, ಕೆಂಪು ಗೆರೆಗಳು ಹಬ್ಬುತ್ತವೆ, ನಡುಭಾಗ ಮಾತ್ರ ಸ್ಪಷ್ಟವಾಗಿದ್ದು ಸುತ್ತಲೂ ಮಸುಕಾಗುತ್ತದೆ. ಮೂರು ಗಾಜು ಸೇರಿಸಿದ ಮಸೂರದಲ್ಲಿ ಒಂದು ಗಾಜಿನ ದೋಷವನ್ನು ಇನ್ನೊಂದು ಸರಿಪಡಿಸುವುದರಿಂದ ಬಣ್ಣಗಳು ಬೇರ್ಪಡುವುದಿಲ್ಲ, ಅಂಚಿನವರೆಗೂ ಗೆರೆಗಳು ನೇರವಾಗಿಯೇ ಉಳಿಯುತ್ತವೆ. ಕೆಂಗಂದು ಹುಳುವಿನ ಮೇಲಿನ ಹೊಂಬಣ್ಣದ ಕೂದಲುಗಳನ್ನು ನೋಡಬೇಕಾದಾಗ ಈ ವ್ಯತ್ಯಾಸವೇ ನಿರ್ಣಾಯಕ.

ಈಗ ಏಣಿಯ ವಿಚಾರ. ಗಣ, ಉಪಗಣ, ಕುಟುಂಬ, ಉಪಕುಟುಂಬ, ಪಂಗಡ, ಜಾತಿ, ಪ್ರಭೇದ ಎಂಬುದು ಇಳಿಯುವ ಕ್ರಮ; ಒಂದು ಜಾತಿಯೊಳಗೆ ಹಲವು ಪ್ರಭೇದಗಳಿರಬಹುದು. ಮೇಲಿನ ಮೆಟ್ಟಿಲುಗಳಿಗೆ ಗಾಜಿನ ಅಗತ್ಯವೇ ಇಲ್ಲ. ಗಟ್ಟಿಯಾದ ಮುಂರೆಕ್ಕೆಗಳು ಬೆನ್ನಿನ ಮೇಲೆ ಓಡಿನಂತೆ ಕೂಡಿಕೊಂಡಿದ್ದರೆ ಅದು ಜೀರುಂಡೆಗಳ ಗಣ. ಮುಂದಿನ ಮೆಟ್ಟಿಲು ಉಪಗಣ. ಅಡೆಫಾಗ ಎಂಬ ಉಪಗಣದ ಗುರುತು ಇರುವುದು ಹುಳುವಿನ ಅಡಿಯಲ್ಲಿ. ಹಿಂಗಾಲಿನ ಬುಡದ ಫಲಕಗಳು ಎದೆಗೆ ಅಲುಗಾಡದಂತೆ ಬೆಸೆದುಕೊಂಡು, ಹಿಂದಕ್ಕೆ ಚಾಚಿ, ಹೊಟ್ಟೆಯ ಕೆಳಭಾಗದ ಮೊದಲ ಪಟ್ಟಿಯನ್ನು ನಡುವೆ ತುಂಡರಿಸಿ ಎಡ ಬಲ ಎರಡು ಚೂರಾಗಿ ಬೇರ್ಪಡಿಸಿರುತ್ತವೆ. ಡಬ್ಬಿಯನ್ನು ಬುಡಮೇಲು ಮಾಡಿ ಮುಚ್ಚಳದ ಮೂಲಕ ನೋಡಿದಾಗ ಆ ವಿಭಜನೆ ಕಂಡಿತು. ಆದರೆ ಒಂದೇ ನೋಟಕ್ಕೆ ಕಾಣಲಿಲ್ಲವೆಂದು ಹೇಳಲೇಬೇಕು. ನಯವಾದ ಮೈಮೇಲೆ ಬಲ್ಬಿನ ಪ್ರತಿಬಿಂಬ ಬಿದ್ದು ಗೆರೆಗಳು ಕರಗಿಹೋಗುತ್ತವೆ. ಬೆಳಕಿಗೂ ಹುಳುವಿಗೂ ನಡುವೆ ತೆಳುವಾದ ಬಿಳಿ ಕಾಗದ ಹಿಡಿದು ಬೆಳಕನ್ನು ಮೃದುಗೊಳಿಸಿದ ಮೇಲೆಯೇ ಗೆರೆಗಳು ಎದ್ದುಬಂದವು. ಕೆಲವು ಮಾದರಿಗಳಲ್ಲಿ ಚೌಕಟ್ಟಿನ ಸುತ್ತ ಸಣ್ಣ ಎಲ್‌ಇಡಿ ದೀಪಗಳಿರುತ್ತವೆ; ಹೊಳಪಿನ ಜೀರುಂಡೆ ನೋಡುವವರಿಗೆ ಅದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚೆಂದು ನನ್ನ ಅಭಿಪ್ರಾಯ.

ಕುಟುಂಬದ ಮೆಟ್ಟಿಲಲ್ಲಿ ನಾನು ಎಡವಿದೆ, ಅದಕ್ಕೆ ಕಾರಣ ಗಾಜಲ್ಲ. ನೆಲಜೀರುಂಡೆಗಳ ಕುಟುಂಬಕ್ಕೆ ಕ್ಯಾರಬಿಡೇ ಎಂದು ಹೆಸರು. ಜಗತ್ತಿನಲ್ಲಿ ಸುಮಾರು 40,000 ಪ್ರಭೇದಗಳಿರುವ ದೊಡ್ಡ ಸಂಸಾರವದು. ಇವುಗಳ ಕುಡಿಮೀಸೆ ದಾರದಂತೆ ತೆಳ್ಳಗಿದ್ದು ಹನ್ನೊಂದು ಗೆಣ್ಣುಗಳಿರುತ್ತವೆ ಎಂದು ಓದಿದ್ದೆ. ಗಾಜಿನಲ್ಲಿ ಕಂಡದ್ದು ಬುಡದಲ್ಲೊಂದು ಗಟ್ಟಿ ಗೆಣ್ಣು, ಅದರ ಮುಂದೆ ದೋಣಿಯ ಆಕಾರದ, ಹಿಂದಿನ ಅಂಚಿನಲ್ಲಿ ಹಲ್ಲುಗಳಂಥ ಕಚ್ಚುಗಳಿದ್ದ ಒಂದೇ ದೊಡ್ಡ ಗದೆ; ಒಟ್ಟು ಎರಡೇ ಭಾಗ. ಇಂಥ ಮೀಸೆಯನ್ನು ನೆಲಜೀರುಂಡೆಯ ಮೀಸೆ ಎಂದು ಒಪ್ಪಲು ಮನಸ್ಸು ಹಿಂಜರಿಯಿತು. ಆ ಹಿಂಜರಿಕೆಗೆ ದೀರ್ಘ ಇತಿಹಾಸವಿದೆಯೆಂದು ಆಮೇಲೆ ತಿಳಿದು ಸಮಾಧಾನವಾಯಿತು.

ಪೌಸಸ್ ಎಂಬ ಜಾತಿಯನ್ನು ಸ್ಥಾಪಿಸಿದವನು ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್, 1775ರಲ್ಲಿ. ಎರಡು ವಿಚಿತ್ರ ಕೀಟಗಳ ಜೋಡಿಯನ್ನು ವರ್ಣಿಸುವ ಆ ಪುಟ್ಟ ಪ್ರಬಂಧವನ್ನು ಅವನ ಶಿಷ್ಯ ಡಾಲ್ ಮಂಡಿಸಿದ. ಜೋಡಿಯ ಇನ್ನೊಂದು ಕೀಟ, ಕಡ್ಡಿಯ ತುದಿಯಲ್ಲಿ ಕಣ್ಣಿರುವ ನೊಣ. ನಮ್ಮ ಮಲೆನಾಡಿನ ಅಂಗಳಗಳಲ್ಲಿ ಮಳೆಗಾಲವಿಡೀ ಅರಳುವ ಡೇರೆ ಹೂವಿಗೆ ಸಸ್ಯಶಾಸ್ತ್ರದಲ್ಲಿ ಡಾಲಿಯ ಎಂಬ ಹೆಸರು ಬಂದಿರುವುದು ಇದೇ ಡಾಲ್‌ನಿಂದ. ಲಿನೇಯಸ್ 1778ರಲ್ಲಿ ತೀರಿಕೊಂಡ. ಅವನ ಇನ್ನೊಬ್ಬ ಶಿಷ್ಯ ಅಫ್ಜೇಲಿಯಸ್, ಪೌಸಸ್ ಎಂಬ ಹೆಸರು ನಿಲುಗಡೆ, ವಿರಾಮ ಎಂಬರ್ಥದ ಗ್ರೀಕ್ ಪದದಿಂದ ಬಂದಿರಬೇಕೆಂದೂ, ಮುದಿವಯಸ್ಸಿನ ಗುರು ತನ್ನ ಕೊನೆಯ ಕೀಟಜಾತಿಗೆ ಆ ಹೆಸರಿಟ್ಟಿರಬೇಕೆಂದೂ ಬರೆದ. ಸಿಯೆರಾ ಲಿಯೋನ್‌ನಲ್ಲಿ ಈ ಜಾತಿಯ ಮತ್ತೊಂದು ಪ್ರಭೇದವನ್ನು ರಾತ್ರಿ ಕಂಡಾಗ ಅದರ ಮೀಸೆಯ ಗುಂಡುಗಳು ಮಂದವಾಗಿ ಬೆಳಗುತ್ತಿದ್ದವೆಂದೂ ಅವನು ದಾಖಲಿಸಿದ್ದಾನೆ. ನಾನು ದೀಪ ಆರಿಸಿ ಬಹಳ ಹೊತ್ತು ನೋಡಿದೆ. ನಮ್ಮ ಹುಳು ಬೆಳಗಲಿಲ್ಲ.

19ನೆಯ ಶತಮಾನದಲ್ಲಿ ಇವುಗಳಿಗೆ ಪೌಸಿಡೇ ಎಂಬ ಪ್ರತ್ಯೇಕ ಕುಟುಂಬದ ಸ್ಥಾನವಿತ್ತು; ಇಂಗ್ಲೆಂಡಿನ ವೆಸ್ಟ್‌ವುಡ್ 1833ರಲ್ಲಿ ಆ ಹೆಸರಿನಲ್ಲೇ ಇವುಗಳ ಕುರಿತು ಸುದೀರ್ಘವಾಗಿ ಬರೆದ. ಭಾರತದ ಪ್ರಭೇದಗಳ ವಿವರ ಬೇಕಾದವರು ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಫೌಲರ್ 1912ರಲ್ಲಿ ಬರೆದ ಸಂಪುಟವನ್ನು ನೋಡಬೇಕು. ಅಂತರಜಾಲದ ಗ್ರಂಥಭಂಡಾರಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಆ ಸಂಪುಟ ಹುಲಿಜೀರುಂಡೆಗಳನ್ನೂ ಪೌಸಿಡೇಗಳನ್ನೂ ಎರಡು ಸ್ವತಂತ್ರ ಕುಟುಂಬಗಳಾಗಿ ಅಕ್ಕಪಕ್ಕದಲ್ಲಿಟ್ಟು ವರ್ಣಿಸುತ್ತದೆ. ಇಂದು ಪೌಸಸ್ ಇರುವುದು ಕ್ಯಾರಬಿಡೇ ಕುಟುಂಬದ ಒಳಗೆ, ಪೌಸಿನೇ ಎಂಬ ಉಪಕುಟುಂಬವಾಗಿ. ಕನ್ನಡದಲ್ಲಿ ಬರೆದರೆ ಪೌಸಿಡೇ, ಪೌಸಿನೇ, ಪೌಸಿನಿ ಎಂದು ಕೊನೆಯ ಅಕ್ಷರ ಮಾತ್ರ ಬದಲಾಗುತ್ತದೆ. ಡೇ ಎಂದರೆ ಕುಟುಂಬ, ನೇ ಎಂದರೆ ಉಪಕುಟುಂಬ, ನಿ ಎಂದರೆ ಅದರೊಳಗಿನ ಪಂಗಡ. ಈ ಒಂದಕ್ಷರದ ಹಿಂದೆ ತಲೆಮಾರುಗಳ ದುಡಿಮೆಯಿದೆ. ಹುಲಿಜೀರುಂಡೆಗಳ ವಿಷಯವಂತೂ ಇನ್ನೂ ಇತ್ಯರ್ಥವಾಗಿಲ್ಲ. ಬಹುಕಾಲ ಅವುಗಳನ್ನೂ ನೆಲಜೀರುಂಡೆಗಳ ಒಳಗೇ ಇಟ್ಟಿದ್ದವರಿಗೆ ಉತ್ತರವಾಗಿ, ಅವು ಬೇರೆಯೇ ಕುಟುಂಬವೆಂದು ವಂಶವಾಹಿಗಳ ಆಧಾರದಿಂದ ವಾದಿಸುವ ಅಧ್ಯಯನ 2020ರಲ್ಲಿ ಬಂದಿದೆ.

ಎರಡು ಭಾಗದ ಮೀಸೆ ಹನ್ನೊಂದು ಗೆಣ್ಣಿನ ಮೀಸೆಯಿಂದಲೇ ಬಂದದ್ದೆಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕೊಡುವುದು ಪೌಸಸ್‌ನ ಬಂಧುಗಳು. ಬರ್ಮಾದಿಂದ 1892ರಲ್ಲಿ ವರ್ಣಿತವಾದ ಪ್ರೊಟೊಪೌಸಸ್ ಎಂಬ, ಪೌಸಸ್‌ಗಿಂತಲೂ ವಿರಳವಾದ ಜಾತಿಯಲ್ಲಿ ಮೀಸೆ ದಪ್ಪವಾಗಿದ್ದರೂ ಹನ್ನೊಂದು ಗೆಣ್ಣುಗಳೂ ಬಿಡಿಬಿಡಿಯಾಗಿವೆ. ಪೌಸಸ್‌ನಲ್ಲಿ ಬುಡದ ಗೆಣ್ಣು ಹಾಗೆಯೇ ಉಳಿದು, ಎರಡನೆಯದು ಕಾಣದಷ್ಟು ಕುಗ್ಗಿ, ಮಿಕ್ಕ ಒಂಬತ್ತೂ ಒಂದಾಗಿ ಗದೆಯಾಗಿವೆ. ನನ್ನ ಗಾಜಿನಲ್ಲಿ ಗದೆಯ ಅಂಚಿನ ಕಚ್ಚುಗಳು ಸ್ಪಷ್ಟವಾಗಿ ಕಂಡವು. ಬುಡಕ್ಕೂ ಗದೆಗೂ ನಡುವೆ ಅಡಗಿರುವ ಕುಗ್ಗಿದ ಗೆಣ್ಣನ್ನು ಮಾತ್ರ ಬಹಳ ಪ್ರಯತ್ನಿಸಿದರೂ ಖಚಿತವಾಗಿ ನೋಡಲಾಗಲಿಲ್ಲ. ಹತ್ತು ಪಟ್ಟಿನ ಮಿತಿ ನನಗೆ ಮೊದಲು ಅರಿವಾದದ್ದು ಅಲ್ಲಿ.

ಉಪಕುಟುಂಬದ ಗುರುತು ನೋಡುವಲ್ಲಿ ಮಾತ್ರ ಈ ಗಾಜು ನನ್ನ ನಿರೀಕ್ಷೆಯನ್ನು ಮೀರಿತು. ಪೌಸಿನೇ ಉಪಕುಟುಂಬದ ಹೆಚ್ಚಿನವುಗಳಲ್ಲಿ ಮುಂರೆಕ್ಕೆಯ ಹೊರ ಅಂಚಿನಲ್ಲಿ, ಹಿಂದಿನ ಮೂಲೆಯ ಸಮೀಪ, ಒಂದು ಸಣ್ಣ ಬಾಗಿದ ಮಡಿಕೆ ಇರುತ್ತದೆ. ಹುಳು ಹೊಟ್ಟೆಯ ಬದಿಯಿಂದ ಚಿಮ್ಮಿಸುವ ದ್ರವ ಆ ಮಡಿಕೆಯ ಬಾಗುವಿಗೆ ಅಂಟಿಕೊಂಡು ದಿಕ್ಕು ಬದಲಿಸಿ ಮುಂದಕ್ಕೆ ಹಾರುತ್ತದೆ. ಚೊಂಬಿನ ಕಂಠದಿಂದ ನೀರು ನಿಧಾನವಾಗಿ ಬಗ್ಗಿಸುವಾಗ ಅದು ಕೆಳಗೆ ಬೀಳದೆ ಚೊಂಬಿನ ಮೈಗೇ ಅಂಟಿ ಹರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಬಾಗಿದ ಮೈಗೆ ಹರಿವು ಹೀಗೆ ಅಂಟುವುದನ್ನು ಕೋಅಂಡಾ ಪರಿಣಾಮ ಎನ್ನುತ್ತಾರೆ. ಈ ಜೀರುಂಡೆಗಳು ಅದನ್ನು ಬಳಸುತ್ತವೆಂದು ಐಸ್ನರ್ ಮತ್ತು ಅನೆಶಾನ್ಸ್ಲಿ 1982ರಲ್ಲಿ ತೋರಿಸಿಕೊಟ್ಟರು. ನನ್ನ ಬೆರಳಿನ ಮೇಲಿನ ಕಲೆಗೆ ಕಾರಣ ಅದೇ ದ್ರವ. ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹುಳುವಿನ ದೇಹದ ಒಂದು ಕೋಣೆಯಲ್ಲಿ ಶೇಖರವಾಗಿರುತ್ತವೆ. ಕಿಣ್ವಗಳಿರುವ ಇನ್ನೊಂದು ಕೋಣೆಗೆ ಅವು ನುಗ್ಗಿದೊಡನೆ ಬಿಸಿಯೇರಿ ಸದ್ದಿನೊಂದಿಗೆ ಹೊರಚಿಮ್ಮುತ್ತವೆ. ಬ್ರಾಕಿನಸ್ ಎಂಬ ಇನ್ನೊಂದು ನೆಲಜೀರುಂಡೆಯಲ್ಲಿ ಈ ಸಿಂಪಡಣೆ ನೀರಿನ ಕುದಿಬಿಂದುವಾದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆಂದು 1969ರಲ್ಲಿ ಅಳೆದಿದ್ದಾರೆ. ಅದಕ್ಕೆ ಮಡಿಕೆಯಿಲ್ಲ, ಹೊಟ್ಟೆಯ ತುದಿಯನ್ನೇ ತಿರುಗಿಸಿ ಗುರಿಯಿಡುತ್ತದೆ. ಎರಡು ಗುಂಪುಗಳಲ್ಲೂ ಒಂದೇ ರಸಾಯನವಿರುವುದರಿಂದ ಈ ವಿದ್ಯೆ ಒಬ್ಬ ಪೂರ್ವಜನಿಂದ ಬಂದ ಆಸ್ತಿಯೇ, ಬೇರೆ ಬೇರೆಯಾಗಿ ಎರಡು ಸಲ ಹುಟ್ಟಿತೇ ಎಂಬ ಚರ್ಚೆ ವರ್ಗೀಕರಣಕಾರರಲ್ಲಿ ನಡೆದಿದೆ. ಏಳು ಮಿಲಿಮೀಟರಿನ ಹುಳುವಿನ ಅಂಚಿನಲ್ಲಿದ್ದ ಆ ಮಡಿಕೆಯನ್ನು, ಡಬ್ಬಿಯನ್ನು ಓರೆಯಾಗಿ ಹಿಡಿದು ಬೆಳಕನ್ನು ಬದಿಯಿಂದ ಬಿಟ್ಟಾಗ, ಈ ಗಾಜಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ನೋಡಿದೆ. 1,800 ರೂಪಾಯಿ ಸಾರ್ಥಕವಾಯಿತೆಂದು ಅನ್ನಿಸಿದ್ದು ಆ ಗಳಿಗೆಯಲ್ಲಿ.

ಮಡಿಕೆ ಇದ್ದು ಮೀಸೆ ಹನ್ನೊಂದು ಗೆಣ್ಣಿನದಾಗಿದ್ದರೆ ಅದು ಬಹುಮಟ್ಟಿಗೆ ಓಜೀನಿನಿ ಪಂಗಡ. ಮಡಿಕೆಯ ಜೊತೆಗೆ ಗದೆಯೂ ಇದ್ದರೆ ಪೌಸಿನಿ. ಮೀಸೆ ಎರಡೇ ಭಾಗವಾಗಿ ಕಾಣುವುದು, ತಲೆಗೂ ಎದೆಗೂ ನಡುವೆ ಕುತ್ತಿಗೆಯಂತೆ ಕಿರಿದಾಗಿರುವುದು, ಎದೆಯ ಮೇಲ್ಭಾಗ ಅಡ್ಡಲಾಗಿ ಸೀಳಿದಂತೆ ಎರಡಾಗಿರುವುದು, ಆ ಸೀಳಿನ ಬದಿಗಳಲ್ಲಿ ಹೊಂಬಣ್ಣದ ಕೂದಲಿನ ಕುಚ್ಚುಗಳು — ಇಷ್ಟನ್ನೂ ಕಂಡ ಮೇಲೆ ಪೌಸಸ್ ಜಾತಿ ಎಂಬಲ್ಲಿಗೆ ಬಂದು ನಿಂತೆ. ಕುಚ್ಚುಗಳು ಅಲಂಕಾರಕ್ಕಲ್ಲ. ಅವುಗಳ ಬುಡದ ಗ್ರಂಥಿಗಳು ಸ್ರವಿಸುವ ರಸವನ್ನು ಇರುವೆಗಳು ನೆಕ್ಕುತ್ತವೆ. ಹಾಗೆ ಉಪಚಾರ ಪಡೆಯುತ್ತಲೇ ಪೌಸಸ್ ಇರುವೆಗಳ ಮರಿಹುಳುಗಳನ್ನು ಚುಚ್ಚಿ ಹೀರಿ ಬದುಕುತ್ತದೆ. ಮೆಡಿಟರೇನಿಯನ್ ಕಡಲಿನ ಪಶ್ಚಿಮ ಭಾಗದ ಪೌಸಸ್ ಫವಿಯೇರಿ ಎಂಬ ಪ್ರಭೇದ, ಕಾಲನ್ನು ಮೈಗೆ ಉಜ್ಜಿ ಹೊರಡಿಸುವ ಸದ್ದಿನಲ್ಲಿ ಆತಿಥೇಯ ಇರುವೆಗಳ ಸದ್ದನ್ನೇ ಅನುಕರಿಸುತ್ತದೆಂದು 2015ರ ಅಧ್ಯಯನವೊಂದು ತೋರಿಸಿದೆ. ಈ ಜಾತಿಯ ಬಹಳಷ್ಟು ಪ್ರಭೇದಗಳಿಗೆ ಮನೆ ಎಂದರೆ ಫೀಡೋಲೆ ಇರುವೆಗಳ ಗೂಡು. ಸಾಮಾನ್ಯ ಕೆಲಸಗಾರರ ನಡುವೆ ದೇಹಕ್ಕೆ ಮೀರಿದ ದೊಡ್ಡ ತಲೆಯ ಕೆಲವು ಇರುವೆಗಳಿದ್ದರೆ ಅವೇ ಇವು. ನಮ್ಮ ಅಡಿಕೆ ತೋಟದ ಬದುವಿನಲ್ಲೂ ಇವೆ.

ಪ್ರಭೇದದ ಮೆಟ್ಟಿಲಿಗೆ ಈ ಗಾಜು ಇಳಿಸುವುದಿಲ್ಲ, ಇಳಿಸುತ್ತದೆಂದು ಯಾರಾದರೂ ಮಾರಿದರೆ ನಂಬಬಾರದು. ಪೌಸಸ್ ಜಾತಿಯಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳನ್ನು ಬೇರ್ಪಡಿಸುವುದು ಗದೆಯ ಕುಳಿಯ ಆಳ, ಹಣೆಯ ಮೇಲಿನ ಸೂಕ್ಷ್ಮ ರಂಧ್ರ ಅಥವಾ ಉಬ್ಬು, ಮುಂರೆಕ್ಕೆಯ ಕೂದಲಿನ ವಿನ್ಯಾಸ, ಕೊನೆಗೆ ಗಂಡಿನ ಜನನಾಂಗದ ಆಕಾರ. ಕೊನೆಯದನ್ನು ನೋಡಲು ಹುಳುವನ್ನು ಕೊಂದು ಬಿಡಿಸಬೇಕು, ಅದಕ್ಕೆ ಎರಡೂ ಕಣ್ಣಿನಿಂದ ನೋಡುವ ಸೂಕ್ಷ್ಮದರ್ಶಕ ಬೇಕು, ಹಳೆಯ ಸಂಗ್ರಹಾಲಯದಲ್ಲಿ ಗುಂಡುಸೂಜಿಗೆ ಚುಚ್ಚಿಟ್ಟ ಮೂಲಮಾದರಿಯೊಂದಿಗೆ ಹೋಲಿಸಬೇಕು. ಆ ಕೆಲಸ ಬಲ್ಲವರು ಮಾಡಲಿ, ಅದು ಅಗತ್ಯವೂ ಹೌದು. ನನಗೆ ಜಾತಿಯವರೆಗೆ ತಿಳಿದದ್ದು ಸಾಕೆನಿಸಿ, ಚಿತ್ರಗಳನ್ನು ತೆಗೆದು, ಆ ರಾತ್ರಿಯೇ ಹುಳುವನ್ನು ತೋಟದ ಬದುವಿನ ಬಳಿ ಬಿಟ್ಟೆ.

ಚಿತ್ರ ತೆಗೆಯುವ ವಿಷಯದಲ್ಲಿ ಒಂದು ಸೂಚನೆ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಮಸೂರಗಳು ಬೇರೆಯಾಗಿ ಸಿಗುತ್ತವೆ. ಆದರೆ ಈ ಭೂತಗನ್ನಡಿಯನ್ನೇ ಮೊಬೈಲಿನ ಕ್ಯಾಮೆರಾಕ್ಕೆ ಒತ್ತಿಹಿಡಿದರೆ ಬರುವ ಚಿತ್ರದಲ್ಲಿ ಗದೆಯ ಕಚ್ಚುಗಳನ್ನು ಎಣಿಸಬಹುದು. ಸ್ಪಷ್ಟವಾಗಿ ಕಾಣುವ ಪದರ ಬಹಳ ತೆಳುವಾದ್ದರಿಂದ ಮೀಸೆ ಸ್ಪಷ್ಟವಾದರೆ ಬೆನ್ನು ಮಸುಕಾಗುತ್ತದೆ. ದೂರವನ್ನು ಕೂದಲೆಳೆಯಷ್ಟು ಬದಲಿಸುತ್ತ ಹತ್ತಾರು ಚಿತ್ರ ತೆಗೆಯಬೇಕು. ಬರಿಗಣ್ಣಿನಿಂದ ನೋಡುವವರು ಗಾಜನ್ನು ಹುಳುವಿನ ಮೇಲೆ ಹಿಡಿದು ದೂರದಿಂದ ಬಗ್ಗಿ ನೋಡಬಾರದು. ಗಾಜನ್ನು ಕಣ್ಣಿಗೆ, ಕನ್ನಡಕ ಹಾಕುವವರಾದರೆ ಕನ್ನಡಕಕ್ಕೆ, ತಾಗುವಷ್ಟು ಹತ್ತಿರ ಹಿಡಿದು, ಆ ಕೈಯನ್ನು ಕೆನ್ನೆಗೆ ಊರಿ, ಡಬ್ಬಿಯನ್ನೇ ಮೆಲ್ಲನೆ ಮೇಲೆತ್ತಿ ತರಬೇಕು. ಕೊಂಡ ಮೊದಲ ವಾರ ಇದನ್ನು ತಿಳಿಯದೆ ಗಾಜನ್ನೇ ದೂಷಿಸಿದ್ದೆ.

ದೋಷಗಳಿಲ್ಲವೆಂದಲ್ಲ. ಕವಚ ತಿರುಗುವ ತಿರುಪು ಆರು ತಿಂಗಳಲ್ಲಿ ಸಡಿಲವಾಗಿ, ಜೇಬಿನಲ್ಲಿದ್ದಾಗ ಗಾಜು ತಾನಾಗಿ ಹೊರಬರತೊಡಗಿತು. ಗಡಿಯಾರ ರಿಪೇರಿಯವರ ಬಳಿ ಬಿಗಿಗೊಳಿಸಿಕೊಂಡು ಬರಬೇಕಾಯಿತು. ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ದಾರ ಒಂದೇ ಮಳೆಗಾಲಕ್ಕೆ ಜೀರ್ಣವಾಯಿತು. ಪೆಟ್ಟಿಗೆಯೊಳಗೆ ಬಳಕೆಯ ವಿಧಾನ ತಿಳಿಸುವ ಒಂದು ಸಾಲಿನ ಕಾಗದವೂ ಇಲ್ಲ, ಶಾಲೆಗೆ ಕೊಳ್ಳುವವರಿಗೆ ಇದು ದೊಡ್ಡ ಕೊರತೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ಅವರಿಗೆ ಅಗಲವಾದ, ನಾಲ್ಕೈದು ಪಟ್ಟು ಹಿಗ್ಗಿಸುವ ಗಾಜೇ ಹಿತ. ಕೀಟದ ಕುಟುಂಬವನ್ನು ತಾವೇ ಕಂಡುಕೊಳ್ಳಬೇಕೆನ್ನುವ ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು, ತೋಟದ ಹುಳಗಳ ಹೆಸರು ತಿಳಿಯಬೇಕೆನ್ನುವ ಕೃಷಿಕರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಕೊಳ್ಳುವಾಗ ಅಂಗಡಿಯಲ್ಲೇ ಕಾಗದದ ಮೇಲೆ ಕಿಟಕಿಯ ಬಿಂಬ ಬೀಳಿಸಿ ಅಂತರವನ್ನು ಅಳೆಯಿರಿ.

ಮಲೆನಾಡು, ಕರಾವಳಿಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಬೂಷ್ಟು. ಆಷಾಢದ ತೇವದಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ಗಾಜಿನ ಅಂಚಿನಿಂದ ಜೇಡನ ಬಲೆಯಂಥ ಎಳೆಗಳು ಹಬ್ಬುತ್ತವೆ, ಅಂಟಿಸಿದ ಗಾಜುಗಳ ನಡುವೆ ಇಳಿದರೆ ಒರೆಸಲು ಬರುವುದಿಲ್ಲ. ನಾನು ಅದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಪೊಟ್ಟಣಗಳ ಜೊತೆ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಎರಡು ಮಳೆಗಾಲ ಕಳೆದರೂ ಗಾಜು ಕೊಂಡ ದಿನದಂತೆಯೇ ತಿಳಿಯಾಗಿದೆ.